ಮೂವತ್ತೊಂದನೆಯ ಹೆಸರು

ಹೊಳೆದಂಡೆಯ ಆ ಸಣ್ಣ ಆಸ್ಪತ್ರೆಯನ್ನು ಜನ ಆಶ್ರಮ ಅಂತಲೇ ಕರೆಯುತ್ತಿದ್ದರು. ಅಲ್ಲಿ ದೇವರಿರಲಿಲ್ಲ, ರೋಗಿಗಳ ಮಂಚಗಳಿದ್ದವು. ನಡೆಸುತ್ತಿದ್ದವರು ಡಾಕ್ಟರ್ ಗಂಗವ್ವ ಕಡೇಮನಿ. ಊರಿಗೆಲ್ಲ ಅವರು ಅಕ್ಕೋರು.

ಮೌನೇಶ ಅವರ ಕೈಕೆಳಗೆ ಪಳಗುತ್ತಿದ್ದ ಎಳೆಯ ಡಾಕ್ಟರು. ಚೇಳು ಕಡಿದ ಮಕ್ಕಳಿಗೆ ಕೊಡುವ ಒಂದು ಔಷಧಿಯ ಬಗ್ಗೆ ಅವನು ಲೇಖನ ಬರೆದಿದ್ದ. ದೊಡ್ಡ ವೈದ್ಯಕೀಯ ಪತ್ರಿಕೆಗೆ ಅದು ಅಂದು ಸಂಜೆಯೇ ಹೋಗಬೇಕಿತ್ತು.

ಅಚ್ಚಾದರೆ ಅವನಿಗೆ ಕಾಲೇಜಿನಲ್ಲಿ ಕೆಲಸ. ಅಚ್ಚಾದರೆ ಊರೂರಿನ ಆಸ್ಪತ್ರೆಗಳಲ್ಲಿ ಮಕ್ಕಳ ಬಾಯಿಗೆ ಆ ಔಷಧಿ.

ಅಕ್ಕೋರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಮೌನೇಶ ಹಾಳೆಗಳನ್ನು ಹಿಡಿದುಕೊಂಡು ಬಂದ.

“ಮುಗೀತ್ರಿ ಅಕ್ಕೋರ. ಉಲ್ಲೇಖದ ಪಟ್ಟೀನೂ ಜೋಡಿಸೀನಿ.”

ಉಲ್ಲೇಖದ ಪಟ್ಟಿ ಲೇಖನದ ಕೊನೆಗೆ ಬರುತ್ತದೆ. ಈ ಮಾತನ್ನು ನನಗಿಂತ ಮೊದಲು ಯಾರು, ಎಲ್ಲಿ ಹೇಳಿದ್ದಾರೆ ಎಂಬುದಕ್ಕೆ ಸಾಕ್ಷಿ ಅದು. ಅದಕ್ಕೆ ಪತ್ರಿಕೆಯವರ ನಿಯಮ ಬಲು ಬಿಗಿ. ಮನೆತನದ ಹೆಸರು ಮೊದಲು, ಇನಿಷಿಯಲ್ಲು ಆಮೇಲೆ. ಇನಿಷಿಯಲ್ಲಿಗೆ ಚುಕ್ಕೆ ಇಡಕೂಡದು. ವರ್ಷದ ಮುಂದೆ ಅರ್ಧವಿರಾಮ ಇಡಲೇಬೇಕು. ಸತ್ತ ಮಗುವನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಮಾತ್ರ ಅವರಲ್ಲಿ ನಿಯಮವಿಲ್ಲ.

ಅಕ್ಕೋರು ಪಟ್ಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದರು.

“ಒಂದು ಚುಕ್ಕಿ ತಪ್ಪಿಲ್ಲಲೋ!”

“ಹೆಂಗ ತಪ್ಪತೈತ್ರಿ? ಕಣ್ಣು ಹೋಗೂ ಹಂಗ ತಿದ್ದೀನಿ.”

“ಎಷ್ಟು ಮಂದಿ ಅದಾರ?”

“ಮೂವತ್ರಿ. ಅದಕ್ಕಿಂತ ಒಂದು ಹೆಚ್ಚಾದ್ರೂ ತಿರುಗಿ ಕಳಸ್ತಾರ.”

“ಏನಂತಾರ ಇವರೆಲ್ಲಾ?”

“ಮಕ್ಕಳಿಗೆ ಧೈರ್ಯಲೆ ಕೊಡಬಹುದು ಅಂತಾರ್ರೀ. ಒಬ್ಬರದೂ ತಕರಾರಿಲ್ಲ.”

“ಛಲೋ ಔಷಧಿ ಬಿಡು ಹಂಗಾರ.”

ಅಕ್ಕೋರು ಎದ್ದು ಒಳಗೆ ಹೋದರು. ಅದೇ ಔಷಧಿಯ ಗುಳಿಗೆಯೊಂದನ್ನು ಚಮಚದಲ್ಲಿ ನೀರು ಹಾಕಿ ಕದಡಿಕೊಂಡು ಬಂದು ಶಿಷ್ಯನ ಕೈಗೆ ಕೊಟ್ಟರು.

“ಕುಡಿ.”

ಮೌನೇಶ ನಕ್ಕ. “ನನಗೇನು ಚೇಳು ಕಡಿದೈತೇನ್ರಿ?”

“ಯಾರಿಗೂ ತೊಂದ್ರಿ ಇಲ್ಲ ಅಂತ ನೀನ ಬರದೀಯಲ್ಲ. ಕುಡಿ.”

ನಗು ನಿಂತಿತು. ಅವನ ಇನ್ನೊಂದು ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಅವನು ಸದಾ ಇಟ್ಟುಕೊಳ್ಳುವ ಇನ್‌ಹೇಲರ್ ಇತ್ತು.

“ಅಕ್ಕೋರ, ನನಗ ಉಬ್ಬಸ ಐತ್ರಿ.”

“ಗೊತ್ತೈತಿ. ಉಬ್ಬಸ ಇದ್ದವರಿಗೆ ಬ್ಯಾಡ ಅಂತ ಈ ಮೂವತ್ತು ಮಂದ್ಯಾಗ ಯಾರು ಅಂದಾರ? ನಂಬರ್ ಹೇಳು.”

ಮೌನೇಶನಿಗೆ ಪಟ್ಟಿ ಬಾಯಿಪಾಠವಾಗಿತ್ತು. ನೋಡುವ ಅಗತ್ಯವೇ ಇರಲಿಲ್ಲ.

“ಯಾರೂ ಅಂದಿಲ್ರಿ.”

“ಮತ್ಯಾಕ ಹಿಂದ ಮುಂದ ನೋಡ್ತಿ? ದೊಡ್ಡ ದೊಡ್ಡ ಮಂದಿ ಹೇಳ್ಯಾರ. ಚುಕ್ಕಿ ಸುದ್ದಾ ಸರಿ ಐತಿ. ನುಂಗು.”

ಚಮಚ ತುಟಿಯ ಹತ್ತಿರ ಬಂತು, ಅಲ್ಲೇ ನಿಂತಿತು.

“ಒಬ್ಬರು ಅಂದಾರ್ರೀ,” ಎಂದ ಮೌನೇಶ.

“ಯಾರು?”

“ಡಾಕ್ಟರ್ ಲಾಲಬಿ ನದಾಫ. ಯಾವುದೋ ತಾಲೂಕು ಆಸ್ಪತ್ರೆಯವರು. ಉಬ್ಬಸ ಇದ್ದ ಒಂದು ಹುಡುಗಿಗೆ ಚೇಳು ಕಡಿದಿತ್ತಂತ. ಈ ಔಷಧಿ ಕೊಟ್ರು. ಉಸಿರು ಕಟ್ಟಿ ಸತ್ತಳು. ಅದನ್ನ ಒಂದು ಪುಟ ಬರದಾರ.”

“ಓದೀಯೇನು ಅದನ್ನ?”

“ಓದೀನ್ರಿ.”

“ಪಟ್ಟ್ಯಾಗ ಎಲ್ಲೈತಿ?”

“ಅದು ಮೂವತ್ತೊಂದಾಗತಿತ್ರಿ. ತಗದೆ.”

ಅಕ್ಕೋರು ಚಮಚ ಕಸಿದುಕೊಂಡು ಔಷಧಿಯನ್ನು ಕಲ್ಲಿನ ಮೇಲೆ ಚೆಲ್ಲಿದರು.

“ಆ ಒಂದು ಪುಟ ಓದಿದ್ದಕ್ಕ ನೀ ಕುಡೀಲಿಲ್ಲ. ನಿನ್ನ ಲೇಖನ ನಂಬಿ ಕೊಡೂ ಡಾಕ್ಟರಿಗೆ ಯಾರು ಹೇಳಬೇಕೋ ತಮ್ಮಾ?”

ಮೌನೇಶ ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿದ. ಪೆನ್ನು ತೆಗೆದು ಲಾಲಬಿ ನದಾಫರ ಹೆಸರನ್ನು ಪಟ್ಟಿಯ ಕೊನೆಗೆ ಬರೆದ. ಈಗ ಮೂವತ್ತೊಂದಾಯಿತು. ಒಂದನ್ನು ತೆಗೆಯಬೇಕು. ಅವನು ತಡಮಾಡಲಿಲ್ಲ. ಮೊದಲನೆಯದನ್ನೇ ಹೊಡೆದು ಹಾಕಿದ. ಅದು ಅಕ್ಕೋರ ಹಳೆಯ ಲೇಖನ.

ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಭಾಳ ಲಗೂನ ಹೊಡದಿ ಬಿಡಪಾ ನನ್ನ! ಬ್ಯಾಡಾಗಿತ್ತೇನು ಅದು?”

“ಬೇಕಾಗಿತ್ರಿ. ಯಾವ ವಯಸ್ಸಿಗೆ ಎಷ್ಟು ಕೊಡಬೇಕು ಅನ್ನೂದು ಅದರಾಗ ಐತಿ.”

“ಮತ್ತ ಯಾಕ ಹೊಡದಿ?”

“ನೀವು ಸಿಟ್ಟಾಗೂದಿಲ್ಲಂತ.”

“ಹೌದಲ್ಲ! ನನ್ನ ಕಡಿಂದ ನಿನಗೇನೂ ಆಗೂದಿಲ್ಲ. ಆ ಲಾಲಬಿ ಕಡಿಂದನೂ ಏನೂ ಆಗೂದಿಲ್ಲ. ಅದಕ್ಕ ಆಕೀನ ಮೊದಲ ಹೊಡದಿ.”

ಮೌನೇಶನ ಕಿವಿ ಬಿಸಿಯಾದವು. ಅಕ್ಕೋರು ಪಟ್ಟಿಯ ನಡುವೆ ಬೆರಳಿಟ್ಟರು.

“ಹನ್ನೆರಡನೇದು ಯಾರದು?”

“ಅದು… ಪತ್ರಿಕೆಯ ಸಂಪಾದಕರದ್ರೀ.”

“ಚೇಳಿನ ಬಗ್ಗೆ ಬರದಾರೇನು?”

“ಇಲ್ರಿ. ಮುದುಕರ ರಕ್ತದೊತ್ತಡದ ಬಗ್ಗೆ.”

“ಮಕ್ಕಳಿಗೆ ಕೊಡಬಹುದು ಅಂತ ಎಲ್ಲಾರೂ ಹೇಳ್ಯಾರ ಅಂದಿ. ಈ ಮಹರಾಯ ಆ ಲೇಖನದಾಗ ಒಂದು ಕೂಸನ್ನೂ ಕಂಡಿಲ್ಲ!”

“ಅವರ ಹೆಸರಿದ್ರ ಲೇಖನ ಲಗೂ ತಗೋತಾರಂತ್ರಿ. ಎಲ್ಲಾರೂ ಹಾಕ್ತಾರ.”

“ನೀನೂ ಹಾಕಿದಿ.”

“ಹೆದರಿಕ್ರಿ, ಅಕ್ಕೋರ.”

ಅದು ನಿಜವಾಗಿತ್ತು. ನಿಜ ಹೇಳಿದ ಮೇಲೆ ಅವನಿಗೆ ಪಟ್ಟಿ ಮೊದಲ ಸಲ ಸರಿಯಾಗಿ ಕಂಡಿತು. ಸತ್ತ ಹುಡುಗಿಗೆ ಸೇರಬೇಕಾದ ಜಾಗದಲ್ಲಿ ಅವನು ಸಂಪಾದಕರನ್ನು ಕೂರಿಸಿದ್ದ. ಅದೂ ಎಷ್ಟು ಚೆಂದಗೆ, ಅರ್ಧವಿರಾಮ ಕೊಟ್ಟು!

ಅಕ್ಕೋರು ಚಮಚವನ್ನು ನೀರಿನಲ್ಲಿ ಜಾಲಾಡಿ ಪಕ್ಕಕ್ಕಿಟ್ಟರು. ಹೊಳೆಯ ಕಡೆ ನೋಡುತ್ತ ಕೂತರು.

ಮೌನೇಶ ಗುರುವಿನ ಹೆಸರನ್ನು ಮತ್ತೆ ಮೊದಲನೆಯ ಜಾಗಕ್ಕೆ ತಂದ. ಹನ್ನೆರಡನೆಯದರ ಮೇಲೆ ಗೆರೆ ಎಳೆದ. ಅದರ ಕೆಳಗಿನವೆಲ್ಲ ಒಂದೊಂದು ಅಂಕಿ ಮೇಲೆ ಸರಿದವು. ಲೇಖನದ ಒಳಗೆ ಹೋಗಿ ಆ ಅಂಕಿಗಳನ್ನೂ ಒಂದೊಂದಾಗಿ ತಿದ್ದಿದ. ‘ನದಾಫ ಎಲ್.’ ಅನ್ನುವಲ್ಲಿ ಅಭ್ಯಾಸಬಲದಿಂದ ಬಿದ್ದಿದ್ದ ಚುಕ್ಕೆಯನ್ನು ಅಳಿಸಿದ. ವರ್ಷದ ಮುಂದೆ ಅರ್ಧವಿರಾಮ ಇಟ್ಟ.

ಆಮೇಲೆ ಲೇಖನದ ಕೊನೆಯ ಸಾಲಿಗೆ ಬಂದ. ‘ಎಲ್ಲ ಮಕ್ಕಳಿಗೂ ಧೈರ್ಯದಿಂದ ಕೊಡಬಹುದು’ ಎಂದಿದ್ದುದನ್ನು ಹೊಡೆದು, ‘ಉಬ್ಬಸವಿರುವ ಮಕ್ಕಳಿಗೆ ಕೊಡಕೂಡದು, ಒಂದು ಮಗು ಸತ್ತಿದೆ’ ಎಂದು ಬರೆದ. ಪಕ್ಕದಲ್ಲಿ ಮೂವತ್ತು ಎಂಬ ಅಂಕಿ ಹಾಕಿದ.

ಅಕ್ಕೋರು ಕೈಚಾಚಿ ಹಾಳೆ ಇಸಿದುಕೊಂಡರು. ಓದಿ ತಿರುಗಿ ಕೊಟ್ಟರು.

“ಕಳಸು.”

ಮೌನೇಶ ಎದ್ದ. ಎರಡು ಮೆಟ್ಟಿಲು ಹತ್ತಿದವನು ತಿರುಗಿ ನಿಂತ.

“ಅಕ್ಕೋರ, ಇದನ್ನ ನೋಡಿ ಸಂಪಾದಕರು ಅಚ್ಚು ಹಾಕದಿದ್ರ?”

“ಆಗ ಹೆದರಿದಂವ ಅಂವಾ ಆಗ್ತಾನ. ನೀ ಅಲ್ಲ.”