ಕೆಂಚವ್ವಜ್ಜಿಯ ಎಣ್ಣೆನೀರು

ಒಂದು ಕಾಡಿನಲ್ಲಿ, ಬಂಡೆಗುಡ್ಡದ ಬುಡದ ದೊಡ್ಡ ಬಿಲದಲ್ಲಿ, ಕೆಂಚವ್ವ ಎಂಬ ಮುದಿ ಮುಳ್ಳುಹಂದಿ ಇದ್ದಳು. ಯುಗಾದಿ ಬಂತೆಂದರೆ ಅವಳ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಬೀಗರು, ಬೀಗರ ಬೀಗರು ಎಲ್ಲ ಅಲ್ಲಿಗೇ ಬರುತ್ತಿದ್ದರು. ಬಿಲದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೈತುಂಬ ಮುಳ್ಳಿದ್ದರೂ ಒಬ್ಬರಿಗೊಬ್ಬರು ಚುಚ್ಚದೆ ಬಾಳುವುದನ್ನು ಆ ಮನೆಯವರಿಂದಲೇ ಕಲಿಯಬೇಕು!

ಅಲ್ಲಿ ಒಂದು ಪದ್ಧತಿಯಿತ್ತು. ಬಂದವರಿಗೆಲ್ಲ ಕೆಂಚವ್ವ ತಾನೇ ಹರಳೆಣ್ಣೆ ಹಚ್ಚಿ, ಬಿಸಿನೀರು ಹುಯ್ಯಬೇಕು. ಆಮೇಲೆ ಬೇವುಬೆಲ್ಲ, ಆಮೇಲೆ ಊಟ. ಕಣ್ಣು ಮಂಜಾಗಿದ್ದರೂ ಅವಳು ಮುಳ್ಳು ಒರಗಿದ ಕಡೆಗೇ, ತಲೆಯಿಂದ ಬಾಲದವರೆಗೆ ತಿಕ್ಕುತ್ತಿದ್ದಳು. ಒಂದು ಮುಳ್ಳೂ ಅವಳ ಕೈಗೆ ಚುಚ್ಚಿದ್ದಿಲ್ಲ.

ಈ ಸಂಭ್ರಮದ ಸುದ್ದಿ ಒಂದು ನರಿಯ ಕಿವಿಗೆ ಬಿತ್ತು. ಅದರ ಕಣ್ಣು ಊಟದ ಮೇಲಲ್ಲ, ಮುಳ್ಳು ಇನ್ನೂ ಬಲಿಯದ ಮರಿಗಳ ಮೇಲೆ. 'ಹಬ್ಬದೂಟ ಉಂಡು ದೊಡ್ಡವರೆಲ್ಲ ಗೊರಕೆ ಹೊಡೆಯುತ್ತಾರೆ. ಮರಿಗಳು ನನ್ನ ಪಾಲಿಗೆ' ಎಂದುಕೊಂಡಿತು. ಕಾಡಿನಲ್ಲಿ ಉದುರಿಬಿದ್ದ ಮುಳ್ಳುಹಂದಿ ಮುಳ್ಳುಗಳನ್ನು ಆಯ್ದು, ಹಲಸಿನ ಮೇಣದಿಂದ ಮೈಗೆಲ್ಲ ಅಂಟಿಸಿಕೊಂಡಿತು. ಬಾಲವನ್ನು ಹೊಟ್ಟೆಯಡಿ ಮಡಚಿಕೊಂಡು ಯುಗಾದಿಯ ಬೆಳಿಗ್ಗೆ ಬಂದೇ ಬಂತು.

"ನಾನು ಆಚೆ ಬೆಟ್ಟದ ಚಿಕ್ಕಜ್ಜಿಯ ಮೊಮ್ಮಗ" ಎಂದಿತು.

ದೊಡ್ಡ ಕುಟುಂಬದಲ್ಲಿ ಯಾರ ಮೊಮ್ಮಗ ಯಾರೆಂದು ಯಾರಿಗೆ ಗೊತ್ತು? "ಓಹೋ, ಹೌದಲ್ವಾ! ಮೂಗು ಥೇಟ್ ಸೋದರಮಾವಂದೇ!" ಎಂದರು ಹಿರಿಯರು. ನರಿ ಒಳಗೊಳಗೇ ನಕ್ಕಿತು.

ಕಿರಿಸೊಸೆ ರಂಗಿಗೆ ಮಾತ್ರ ಅನುಮಾನ. ಅವಳ ಮರಿ ಹುಟ್ಟಿ ತಿಂಗಳೂ ಆಗಿರಲಿಲ್ಲ. ಈ ಹೊಸ ನೆಂಟ ಮರಿಯನ್ನೇ ನೋಡಿ ಜೊಲ್ಲು ನುಂಗಿದ್ದನ್ನು ಅವಳು ಕಂಡಿದ್ದಳು.

"ಅತ್ತೆ, ಅವನ್ಯಾಕೋ ನಮ್ಮೋನ ಥರ ಕಾಣಲ್ಲ. ಯಾರು ನೀನು ಅಂತ ಕೇಳಿಬಿಡಲಾ?" ಎಂದು ಪಿಸುಗುಟ್ಟಿದಳು.

"ಬೇಡ ಕಣಮ್ಮ. ಹಬ್ಬಕ್ಕೆ ಬಂದೋರನ್ನ ಯಾರು ಅಂತ ಕೇಳಬಾರದು. ಎಣ್ಣೆ ಹಚ್ಚಬೇಕು, ತಾನೇ ಗೊತ್ತಾಗುತ್ತೆ" ಎಂದಳು ಕೆಂಚವ್ವ. "ಮರಿ ನಿನ್ನ ಹತ್ರಾನೇ ಇರಲಿ."

ನರಿಯ ಸರದಿ ಬಂತು. "ನಿನ್ನೆ ತಾನೇ ಸ್ನಾನ ಆಯ್ತು ಅಜ್ಜಿ" ಎಂದು ಕೊಸರಾಡಿತು.

"ನಿನ್ನೇದು ನಿನ್ನೆಗಾಯ್ತು. ಕೂತ್ಕೋ ಮಗ."

ಕೆಂಚವ್ವ ಧಾರಾಳವಾಗಿ ಎಣ್ಣೆ ಸುರಿದು ತಿಕ್ಕಿದಳು. ಹಲಸು ಬಿಡಿಸುವವರು ಕೈಗೆ ಎಣ್ಣೆ ಏಕೆ ಸವರಿಕೊಳ್ಳುತ್ತಾರೆಂದು ಪಾಪ, ನರಿಗೇನು ಗೊತ್ತು! ಮೇಣ ಬಿಟ್ಟುಕೊಂಡಿತು. ಮುಳ್ಳುಗಳು ಒಂದೊಂದಾಗಿ ಜಾರಿ ನೆಲಕ್ಕೆ ಬಿದ್ದವು. ಒಂದು ಚೆಂಬು ಬಿಸಿನೀರು ಬಿದ್ದದ್ದೇ ತಡ, ಮಡಚಿಟ್ಟ ಬಾಲವೂ ಹೊರಗೆ ಬಂತು.

"ನರಿ! ಎಲ್ಲರೂ ಬೆನ್ನು ತಿರುಗಿಸ್ರೋ!" ಎಂದು ಕೆಂಚವ್ವ ಕೂಗಿದಳು.

ರಂಗಿ ಮರಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡಳು. ಇಡೀ ಕುಟುಂಬ ಮುಳ್ಳು ಕೆದರಿ, ಬೆನ್ನು ತಿರುಗಿಸಿ, ಹಿಂದುಹಿಂದಕ್ಕೇ ನುಗ್ಗಿತು. ಅಬ್ಬಾ, ಆ ಒಗ್ಗಟ್ಟನ್ನು ನೋಡಬೇಕಿತ್ತು! ನರಿಯ ಮೈಗೆ ಈಗ ನಿಜವಾದ ಮುಳ್ಳುಗಳೇ ನೆಟ್ಟವು. ಅವಕ್ಕೆ ಮೇಣ ಬೇಕಾಗಲಿಲ್ಲ. ನರಿ ಊಳಿಡುತ್ತ ಕಾಡು ಬಿಟ್ಟು ಓಡಿತು.

"ಅಯ್ಯೋ, ಸೀಗೆಪುಡಿ ಹಾಕೋ ಮೊದಲೇ ಎದ್ದು ಹೋದ್ನಲ್ಲ!" ಎಂದಳು ಕೆಂಚವ್ವ. ಬಿಲವೆಲ್ಲ ನಗು. ಆಮೇಲೆ ಅವಳು ರಂಗಿಯ ಮರಿಯನ್ನು ಮಡಿಲಿಗೆ ಹಾಕಿಕೊಂಡು, ಅದರ ಮೆತ್ತನೆಯ ನೆತ್ತಿಗೆ ಎಣ್ಣೆ ಒತ್ತಿದಳು.

ನೀತಿ: ಅಂಟಿಸಿಕೊಂಡ ನೆಂಟಸ್ತಿಕೆ ಬಹಳ ಹೊತ್ತು ನಿಲ್ಲದು, ಪ್ರೀತಿಯಿಂದ ಒಟ್ಟಾಗಿರುವ ಮನೆಯಲ್ಲಿ ಕಪಟಕ್ಕೆ ಜಾಗವಿಲ್ಲ.