ಮೆಣಸಿನಕಾಯಿ ಸಾಹೇಬರ ರೂಲು

ಬ್ಯಾಡಗಿ ಕಡೆ ಒಣಮೆಣಸಿನಕಾಯಿ ಮಾರುವ ಒಂದು ಕಂಪನಿ. ಅದರ ಮ್ಯಾನೇಜರ್ ಈರಪ್ಪ ಮೆಣಸಿನಕಾಯಿ. ಅಡ್ಡಹೆಸರೇ ಹಾಗೆ, ನಮ್ಮ ಕಡೆ ಉಳ್ಳಾಗಡ್ಡಿ, ಬೆಲ್ಲದ ಅಂತೆಲ್ಲ ಇಲ್ಲವೇ? ಮಾತೆತ್ತಿದರೆ ಕೂಗಾಡುತ್ತಿದ್ದರು, ಮರುಗಳಿಗೆಗೆ ಎಲ್ಲರಿಗೂ ಚಹಾ ತರಿಸುತ್ತಿದ್ದರು.

ಒಂದು ದಿನ ಸಾಹೇಬರಿಗೆ ಸಂಶಯ ಬಂತು: ಆಫೀಸಿನವರು ಮೇಲ್‌ನಲ್ಲಿ ತಮ್ಮನ್ನು ಆಡಿಕೊಳ್ಳುತ್ತಿದ್ದಾರೆ! ಕಂಪ್ಯೂಟರ್ ನೋಡಿಕೊಳ್ಳುವ ಕಸ್ತೂರಿಯನ್ನು ಕರೆದರು.

"ಸರ್ವರ್‌ಗೆ ಒಂದು ರೂಲ್ ಹಾಕವಾ. ನನ್ನ ಹೆಸರಿರೋ ಮೇಲ್ ಯಾರಿಗೇ ಹೋಗಲಿ, ನನಗೂ ಬರಬೇಕು. ಸಿಕ್ಕವರನ್ನ ಮನಿಗೆ ಕಳಸ್ತೀನಿ!"

ಆಡಿಕೊಳ್ಳುವವರಲ್ಲಿ ಕಸ್ತೂರಿಯೇ ಮೊದಲು. ಆದರೂ ತಣ್ಣಗೆ ಕೇಳಿದಳು, "ಹೆಸರೋ, ಅಡ್ಡಹೆಸರೋ, ಸಾಹೇಬ್ರ?"

"ಅಡ್ಡಹೆಸರು! ಈರಪ್ಪ ಅಂತ ನನ್ನ ಯಾರು ಕರೀತಾರ?"

ಮರುದಿನ ಬೆಳಿಗ್ಗೆ ಸಾಹೇಬರ ಮೇಲ್‌ಬಾಕ್ಸ್ ತುಂಬಿ ತುಳುಕಿತು. "ಮೆಣಸಿನಕಾಯಿ ಇನ್ನೂ ಒಣಗಿಲ್ಲ." "ಮೆಣಸಿನಕಾಯಿನ ಚೀಲದಾಗ ತುಂಬಿ ಲಾರಿಗೆ ಹಾಕ್ರಿ." "ಹಳೇ ಮೆಣಸಿನಕಾಯಿ ನಮಗ ಬ್ಯಾಡ."

ಒಂದೊಂದನ್ನೂ ಓದಿ ಬೆವರಿದ ಸಾಹೇಬರು ಮಧ್ಯಾಹ್ನ ಬಂದ ಒಂದು ಮೇಲ್ ನೋಡುತ್ತ ಕೂತುಬಿಟ್ಟರು. "ಈ ಮೆಣಸಿನಕಾಯಿ ನೋಡಾಕಷ್ಟ ಕೆಂಪು. ಖಾರ ಏನೂ ಇಲ್ಲ. ನಮಗ ಇದ ಬೇಕು."

"ಕಸ್ತೂರೀ, ಇದು ಮಾಲಿನ ಮಾತೋ, ನನ್ನ ಮಾತೋ?"

"ರೂಲಿಗೆ ಅದು ತಿಳಿಯಂಗಿಲ್ರಿ, ಸಾಹೇಬ್ರ."

ಸಾಹೇಬರು ಸಿಟ್ಟಿನ ಮುಖ ಮಾಡಲು ನೋಡಿದರು. ಆಗಲಿಲ್ಲ, ನಕ್ಕುಬಿಟ್ಟರು.

"ರೂಲ್ ತಗದುಹಾಕವಾ. ಆ ಮೇಲ್ ಅಷ್ಟ ಇರಲಿ."