ಎಲ್ಲ ತೆಗೆದ ಮೇಲೆ ಉಳಿದದ್ದು

ಒಂದೂರಿನಲ್ಲಿ ಗೌರವ್ವ ಅಂತ ಒಬ್ಬಳು, ಅವಳಿಗೆ ಈರಭದ್ರ ಅಂತ ಒಬ್ಬ ಮಗ. ಮೀಸೆ ಮೂಡಿದರೂ ಒಂದನೇ ಇಯತ್ತೆ ದಾಟಿರಲಿಲ್ಲ. ಸಣ್ಣ ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಪಾಪ, ಅದೇ ಗೌರವ್ವನ ಸಂಕಟ. ನಾನು ಹೋದ ಮೇಲೆ ಇವನ ಗತಿ ಏನು ಅಂತ ಒಲೆ ಮುಂದೆ ಕೂತು ಅಳುತ್ತಿದ್ದಳು. ಮಗಳು ನೀಲವ್ವ ಪಕ್ಕದೂರಲ್ಲೇ ಇದ್ದಳು. ಆದರೆ ಒಂದು ಎಮ್ಮೆಯ ಮಾತಿಗೆ ಮುನಿಸಿಕೊಂಡು ಹೋದವಳು ಹಬ್ಬಕ್ಕೂ ತವರಿಗೆ ಬಂದಿರಲಿಲ್ಲ.

ಒಂದು ದಿನ ಮಾಸ್ತರು ಬಾವಿಯ ಪಾಠ ಓದಿದರು. "ಹೇಳ್ರಿ, ಈ ಪಾಠ ಯಾವುದರ ಬಗ್ಗೆ ಐತಿ?"

"ಸೂರ್ಯ, ಸರ!" ಅಂದ ಈರಭದ್ರ. ಪಾಠ ಶುರುವಾದದ್ದು "ಸೂರ್ಯ ಹುಟ್ಟಿದ" ಅಂತ.

ಮನೆಗೆ ಬಂದು ಹೇಳಿದಾಗ ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮ! ಮೊದಲ ಬಂದದ್ದಲ್ಲೋ, ಮತ್ತ ಮತ್ತ ಬರೂದು ಯಾವುದೋ ಅದು ಮುಖ್ಯ!"

"ಆತವ್ವ."

ಮರುದಿನ ಆಕಳು ಕಳೆದುಹೋದ ಕತೆ. "ಯಾವುದರ ಬಗ್ಗೆ ಐತಿ?"

"ಆಮೇಲೆ, ಸರ! ಆಮೇಲೆ, ಆಮೇಲೆ ಅಂತ ಭಾಳ ಸಲ ಬಂತು!"

ಮಕ್ಕಳು ಬಿದ್ದು ಬಿದ್ದು ನಕ್ಕವು. ಮನೆಯಲ್ಲಿ ಅವ್ವ ನಗಲಿಲ್ಲ. "ದಡ್ಡಾ! ಒಂದೊಂದ ತೆಗದು ನೋಡೋ. ಯಾವುದನ್ನ ತೆಗದರ ಪಾಠ ನಿಂತ ಹೋಗತೈತೋ ಅದ ಮುಖ್ಯ!"

"ಆತವ್ವ."

ಮರುದಿನ ಬೆಲ್ಲ ಹೊತ್ತ ಇರುವೆಯ ಪಾಠ. ಈರಭದ್ರ ಮನಸ್ಸಿನಲ್ಲೇ ಬೆಲ್ಲ ತೆಗೆದ, ಇರುವೆಯನ್ನೂ ತೆಗೆದ. ಮಾಸ್ತರು ಓದುತ್ತಲೇ ಇದ್ದರು.

"ನೀವ, ಸರ! ನಿಮ್ಮನ್ನ ತೆಗದರ ಪಾಠ ನಿಲ್ಲತೈತಿ!"

ಮಾಸ್ತರು ಪುಸ್ತಕ ಮುಚ್ಚಿದರು. "ಇನ್ನ ನನ್ನ ಕೈಲೆ ಆಗೂದಿಲ್ಲಪ್ಪ. ನಿಮ್ಮವ್ವಗ ಹೇಳು."

ಅಂದೇ ಗೌರವ್ವ ಜ್ವರದಿಂದ ಹಾಸಿಗೆ ಹಿಡಿದಳು. ಆದರೂ ಬೈಯುವುದನ್ನು ಬಿಡಲಿಲ್ಲ. "ಓದಾವರನ್ನ ತೆಗೀಬ್ಯಾಡೋ, ಮಾತಿನ ಒಳಗಿಂದು ತೆಗಿ! ಈಗ ಅಕ್ಕನ ಊರಿಗೆ ಹೋಗು. ಅವ್ವಗ ಜ್ವರ ಬಂದೈತಿ, ಎಮ್ಮಿ ಮಾತು ಮರತಬಿಡು, ಹೊದಿಯಾಕ ಒಂದು ಕೌದಿ ತಗೊಂಡು ಬಾ ಅಂತ ಹೇಳು. ಒಳಗ ಕಾಲಿಡಬ್ಯಾಡ, ಊಟ ಕಂಡರ ಮರೀತಿ. ಹೊಸ್ತಿಲ ಹೊರಗ ನಿಂತು ಹೇಳು. ಎಲ್ಲಾ ನೆನಪಿಲ್ಲಂದ್ರ ಮುಖ್ಯದ್ದು ಹೇಳಿದರ ಸಾಕು."

"ಆತವ್ವ."

ನಡೆಯುತ್ತಾ ನಡೆಯುತ್ತಾ ತೆಗೆದು ನೋಡಿದ. ಕೌದಿ ತೆಗೆದ, ಅವ್ವ ಇದ್ದಳು. ಎಮ್ಮೆ ತೆಗೆದ, ಅವ್ವ ಇದ್ದಳು. ಜ್ವರ ತೆಗೆದ, ಅವ್ವ ಎದ್ದೇ ಕೂತಳು. ಕೊನೆಗೆ ಅವ್ವನನ್ನು ತೆಗೆದು ನೋಡಿದ. ಏನೂ ಉಳಿಯಲಿಲ್ಲ. ನಡುದಾರಿಯಲ್ಲಿ ಅವನಿಗೆ ಅಳು ಬಂತು.

ಆ ಸೀಮೆಯಲ್ಲಿ ಸಾವಿನ ಸುದ್ದಿ ತಂದವರು ಹೊಸ್ತಿಲು ದಾಟುವುದಿಲ್ಲ, ನೀರೂ ಮುಟ್ಟುವುದಿಲ್ಲ. ಹೋದವರ ಹೆಸರು ಹೇಳಿ ಸುಮ್ಮನೆ ನಿಲ್ಲುತ್ತಾರೆ, ಅಷ್ಟೇ.

ಈರಭದ್ರ ಹೊಸ್ತಿಲ ಹೊರಗೆ ನಿಂತ. ಕಣ್ಣು ಇನ್ನೂ ಒದ್ದೆಯಾಗಿತ್ತು. "ಅವ್ವ," ಅಂದ.

"ಅವ್ವಗೇನಾತೋ? ಒಳಗ ಬಾ, ನೀರು ಕುಡಿ!"

ಅವನು ತಲೆ ಅಲ್ಲಾಡಿಸಿದ. ನೀಲವ್ವ ಎದೆ ಬಡಿದುಕೊಂಡು ಕುಸಿದಳು.

ಗಾಡಿ ಹೂಡಿದರು. ಹೂವಿನ ಹಾರ ಬಂತು, ಭಜನೆಯವರು ಬಂದರು. ದಾರಿಯುದ್ದಕ್ಕೂ ನೀಲವ್ವನದು ಒಂದೇ ಅಳು: "ಒಂದ ಎಮ್ಮಿ ಸಲುವಾಗಿ ಹಡದಾಕಿನ್ನ ಬಿಟ್ಟೆನಲ್ಲೋ!" ಅಕ್ಕ ಅತ್ತಳೆಂದು ಈರಭದ್ರನೂ ಅತ್ತ.

ಗಾಡಿ ಮನೆ ಮುಂದೆ ನಿಂತಾಗ ಗೌರವ್ವ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಭಜನೆ ತಾಳ ತಪ್ಪಿ ನಿಂತುಹೋಯಿತು. ನೀಲವ್ವ ಓಡಿ ಹೋಗಿ ಅವ್ವನ ತೊಡೆಯ ಮೇಲೆ ಬಿದ್ದಳು. ಬರೀ ಜ್ವರದ ಸುದ್ದಿ ಕೇಳಿದ್ದರೆ ಆಕೆ ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಏನಂತ ಹೇಳಿದ್ಯೋ?" ಗೌರವ್ವ ಕೇಳಿದಳು.

"ಎಲ್ಲಾ ತೆಗದೆ. ನೀ ಒಬ್ಬಾಕಿ ಉಳದಿ."

ಅವತ್ತು ಬೈಗುಳವೂ ಇಲ್ಲ, ಬುದ್ಧಿಮಾತೂ ಇಲ್ಲ. ಗೌರವ್ವ ಮಗನ ಕೈಯನ್ನು ಮಗಳ ಕೈಯಲ್ಲಿಟ್ಟಳು. "ಇವನ್ನ ಕೈಬಿಡಬ್ಯಾಡವ್ವ," ಅಂದಳು. ನೀಲವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಭಜನೆಯ ಮುದುಕ ಹಾರ ಹಿಡಿದು ಮುಜುಗರದಿಂದ ನಿಂತಿದ್ದ. "ಇದನ್ನೇನ ಮಾಡೂದು?"

"ಯಾರಿಗಂತ ತಂದೀರಿ?" ಈರಭದ್ರ ಕೇಳಿದ.

ಮುದುಕ ಗೌರವ್ವನ ಕಡೆ ನೋಡಿದ.

ಈರಭದ್ರ ಹಾರ ಇಸಿದುಕೊಂಡು ಅವ್ವನ ಕೊರಳಿಗೆ ಹಾಕಿ, ನೆಟ್ಟಗೆ ಮಾಡಿ, ಭಜನೆಯವರ ಕಡೆ ತಿರುಗಿದ.

"ಹೂಂ, ಈಗ ಹಾಡ್ರಿ!"